ಎದೆ ಬಿಗಿದಾಗ ನಾಲಗೆಯೂ ಕಟ್ಟುತ್ತದೆ
(ಜುಮಾ ಖುತ್ಬಾದ ಸಾರಾಂಶ)



ಫಿರ್‌ಔನನ ಬಳಿಗೆ ಹೋಗಬೇಕೆಂಬ ಅಪ್ಪಣೆಯಾದಾಗ ಪ್ರವಾದಿ ಮೂಸಾ(ಅ) ಸೈನ್ಯ ಕೇಳಲಿಲ್ಲ. ಎದೆ ಬಿಗಿಯುತ್ತಿದೆ, ನಾಲಗೆ ಓಡುವುದಿಲ್ಲ ಎಂದು ಅಲ್ಲಾಹನಲ್ಲಿ ಹೇಳಿಕೊಂಡರು. ‘ತಾಹಾ’ ಅಧ್ಯಾಯದಲ್ಲಿ ಅವರ ಪ್ರಾರ್ಥನೆಯ ಕ್ರಮ ಗಮನಿಸಿ. ಮೊದಲು ಎದೆಯನ್ನು ವಿಶಾಲಗೊಳಿಸಲು ಬೇಡಿದರು, ನಾಲಗೆಯ ಗಂಟು ಬಿಡಿಸಲು ಬೇಡಿದ್ದು ಆ ಬಳಿಕ. ಮನಸ್ಸಿನಲ್ಲಿರುವುದನ್ನು ಹೇಳಲಾಗದಿರುವುದು ಈಮಾನಿನ ಕೊರತೆಯಲ್ಲ. ಪ್ರವಾದಿಗಳೂ ಆ ಕಷ್ಟವನ್ನು ಬಲ್ಲವರು.

ನಮ್ಮ ಮನೆಗಳನ್ನು ನೋಡಿ. ಗಲ್ಫಿನಿಂದ ಮಗ ಫೋನ್ ಮಾಡುತ್ತಾನೆ. “ಊಟ ಆಯಿತಾ? ಹಣ ಬಂತಾ?” ಎನ್ನುತ್ತಾನೆ. “ನಾವು ಚೆನ್ನಾಗಿದ್ದೇವೆ ಮಗಾ” ಎನ್ನುತ್ತಾರೆ ತಾಯಿ. ಇಬ್ಬರ ಗಂಟಲೂ ಕಟ್ಟಿರುತ್ತದೆ. ಹೇಳಬೇಕಾದದ್ದು ಹೇಳದೆಯೇ ಉಳಿಯುತ್ತದೆ.

ಹಾಗಾದರೆ ಕೇಳುವವನಿಗೂ ಹೊಣೆಯಿದೆ. ಆಯಿಶಾ(ರ) ಸಂತೋಷದಲ್ಲಿದ್ದಾಗ ಮುಹಮ್ಮದರ(ಸ) ಪ್ರಭುವಿನ ಹೆಸರಿನಲ್ಲಿ, ಮುನಿಸಿಕೊಂಡಾಗ ಇಬ್ರಾಹೀಮರ(ಅ) ಪ್ರಭುವಿನ ಹೆಸರಿನಲ್ಲಿ ಆಣೆ ಹಾಕುತ್ತಿದ್ದರು. ಆ ಒಂದು ಪದದ ವ್ಯತ್ಯಾಸದಿಂದಲೇ ಪ್ರವಾದಿವರ್ಯರು(ಸ) ಪತ್ನಿಯ ಮನಸ್ಸನ್ನು ಅರಿಯುತ್ತಿದ್ದರೆಂದು ಬುಖಾರಿ, ಮುಸ್ಲಿಮ್‌ನಲ್ಲಿ ವರದಿಯಾಗಿದೆ. ನಾವೋ, ಹೆಂಡತಿ “ಏನಿಲ್ಲ” ಎಂದರೆ ಏನೂ ಇಲ್ಲವೆಂದೇ ಎದ್ದು ಹೋಗುತ್ತೇವೆ.

ಹೇಳಬಲ್ಲದ್ದನ್ನು ಹೇಳಲೂ ಬೇಕು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರನ್ನು ತೋರಿಸಿ, ತನಗೆ ಅವರ ಮೇಲೆ ಪ್ರೀತಿಯಿದೆ ಎಂದು ಒಬ್ಬ ಸಹಾಬಿ ಹೇಳಿದರು. ಅದನ್ನು ಅವರಿಗೆ ತಿಳಿಸಿದ್ದೀಯಾ ಎಂದು ಪ್ರವಾದಿವರ್ಯರು(ಸ) ವಿಚಾರಿಸಿ, ಹೋಗಿ ತಿಳಿಸುವಂತೆ ಸೂಚಿಸಿದರು. ಅಬೂದಾವೂದ್‌ನ ಈ ಹದೀಸ್‌ನಂತೆ ಸಹಾಬಿ ಆಗಲೇ ಹೋಗಿ ತಿಳಿಸಿದರು. ನಾಳೆಗೆ ಇಡಲಿಲ್ಲ. ಮಯ್ಯಿತ್‌ನ ಮುಂದೆ ನಿಂತು ಆಡುವ ಒಳ್ಳೆಯ ಮಾತು ಆ ವ್ಯಕ್ತಿ ಬದುಕಿದ್ದಾಗಲೇ ಕಿವಿಗೆ ಬೀಳಲಿ.

ಮಾತು ಸೋತಲ್ಲಿ ಕಣ್ಣೀರಿದೆ. ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿವರ್ಯರ(ಸ) ಕಣ್ಣು ತುಂಬಿತು. ಅಚ್ಚರಿಪಟ್ಟ ಅಬ್ದುರ್ರಹ್ಮಾನ್ ಬಿನ್ ಔಫ್‌ರಿಗೆ(ರ) ಅದು ಕಾರುಣ್ಯವೆಂದು ತಿಳಿಸಿದರು. ಆದ್ದರಿಂದ ದುಃಖದಲ್ಲಿರುವ ಮಗನಿಗೆ “ಗಂಡಸಾಗಿ ಅಳುತ್ತೀಯಾ?” ಎನ್ನಬೇಡಿ.

ಯಾರಲ್ಲೂ ಹೇಳಲಾಗದ್ದನ್ನು ಅಲ್ಲಾಹನಲ್ಲಿ ಹೇಳಿ. ಯೂಸುಫರನ್ನು(ಅ) ಕಳಕೊಂಡ ಯಾಕೂಬ್(ಅ) ತನ್ನ ವ್ಯಥೆಯನ್ನು ತೋಡಿಕೊಂಡದ್ದು ಅವನಲ್ಲೇ. ಅರಬಿ ಬಾರದೆಂದು ಹಿಂಜರಿಯಬೇಡಿ. ನಮಾಝಿನ ನಂತರ ಕೈಯೆತ್ತಿ ಬ್ಯಾರಿಯಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ ಬೇಡಿ. ಮಾತೇ ಹೊರಡದಿದ್ದರೂ ಎದೆಯೊಳಗಿನದ್ದನ್ನು ಅವನು ಬಲ್ಲ.

ಅಲ್ಲಾಹನು ನಮ್ಮ ಎದೆಗಳನ್ನು ವಿಶಾಲಗೊಳಿಸಲಿ, ನಮ್ಮವರ ಮೌನವನ್ನು ಅರಿಯುವ ಮನಸ್ಸು ಕೊಡಲಿ. ಆಮೀನ್.