ವ್ಯಸನದಿಂದ ಮರಳಿದವರ ಮೊದಲ ವಾರಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಪ್ರತಿ ವರ್ಷ ಜೂನ್ 26ರಂದು ನಾವು ಮಾದಕ ವಸ್ತುಗಳ ವಿರುದ್ಧ ಪ್ರತಿಜ್ಞೆ ಸ್ವೀಕರಿಸುತ್ತೇವೆ, ಜಾಥಾ ನಡೆಸುತ್ತೇವೆ, ಛಾಯಾಚಿತ್ರಗಳನ್ನು ಮೇಲಿನ ಕಚೇರಿಗೆ ಕಳುಹಿಸುತ್ತೇವೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಈಗಾಗಲೇ ವ್ಯಸನಕ್ಕೆ ಸಿಲುಕಿರುವವರಿಗೆ ಜಾಥಾದಿಂದ ಆಗುವ ಪ್ರಯೋಜನ ಅತ್ಯಲ್ಪ. ಅವರ ಪ್ರಾಣ ಉಳಿಸಲು ಪಂಚಾಯಿತಿ ಏನು ಮಾಡಬಹುದೆಂಬುದನ್ನಷ್ಟೇ ಇಂದು ತಮ್ಮ ಮುಂದಿಡುತ್ತೇನೆ.

ಹೆರಾಯಿನ್ ಅಥವಾ ಅಫೀಮು ವರ್ಗದ ನೋವಿನ ಮಾತ್ರೆಗಳಿಗೆ ದಾಸರಾದವರು ಚಿಕಿತ್ಸಾ ಕೇಂದ್ರದಿಂದಲೋ ಕಾರಾಗೃಹದಿಂದಲೋ ಮರಳಿದ ಮೊದಲ ಕೆಲವು ವಾರಗಳೇ ಅತ್ಯಂತ ಅಪಾಯಕಾರಿ. ದಿನವೂ ಸೇವಿಸುತ್ತಿದ್ದಾಗ ದೇಹವು ಹೆಚ್ಚಿನ ಪ್ರಮಾಣವನ್ನು ತಾಳಿಕೊಳ್ಳಲು ಒಗ್ಗಿರುತ್ತದೆ. ಬಿಟ್ಟ ಬಳಿಕ ಆ ತಾಳಿಕೆ ಕುಗ್ಗುತ್ತದೆ. ಆಸೆ ಮಾತ್ರ ಉಳಿದಿರುತ್ತದೆ. ಹಳೆಯ ಅಳತೆಯಲ್ಲೇ ಒಮ್ಮೆ ಸೇವಿಸಿದರೂ ಉಸಿರು ನಿಲ್ಲಬಹುದು. ಜೊತೆಗೆ ಮದ್ಯ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ಇಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಹೊಳೆಯುವ ಹೋಲಿಕೆ ಇದು: ಸ್ಲ್ಯಾಬ್ ಹಾಕಿದ ನಾಲ್ಕೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಲು ತಾವು ಗುತ್ತಿಗೆದಾರನಿಗೆ ಬಿಡುವುದಿಲ್ಲ. ಮರಳಿ ಬಂದ ಹುಡುಗನಿಗೆ ಮಾತ್ರ, ಗುಣವಾಗಿದ್ದಾನೆಂದು, ಎಲ್ಲ ಆಸರೆಯನ್ನೂ ಅಂದೇ ಕಳಚುತ್ತೇವೆ.

ಎಷ್ಟು ಅಲುಗಾಡಿಸಿದರೂ ಎಚ್ಚರವಾಗದಿರುವುದು, ಉಸಿರು ನಿಧಾನವಾಗಿ ಗೊರಗೊರ ಎನ್ನುವುದು, ತುಟಿ ಉಗುರುಗಳು ನೀಲಿಗಟ್ಟುವುದು ಅತಿಸೇವನೆಯ ಲಕ್ಷಣಗಳು. ಮನೆಯವರು ಇದನ್ನು ಗೊರಕೆಯೆಂದು ಭಾವಿಸಿ ಮಲಗಲು ಬಿಡುತ್ತಾರೆ. ಕೂಡಲೇ 108ಕ್ಕೆ ಕರೆ ಮಾಡಬೇಕು, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು, ಒಂಟಿಯಾಗಿ ಬಿಡಬಾರದು. ಉಪ್ಪುನೀರು, ಮಜ್ಜಿಗೆ ಕುಡಿಸುವುದು ಸಲ್ಲದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಸೇವಿಸಿದ್ದು ಏನೆಂದು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಅಫೀಮು ವರ್ಗದ ಮಾದಕಗಳಿಗೆ ನಲೊಕ್ಸೋನ್ ಎಂಬ ಪ್ರತಿಔಷಧವಿದೆ. ಅದರ ಪರಿಣಾಮ ಬೇಗ ಇಳಿಯಬಹುದಾದ್ದರಿಂದ ಎಚ್ಚರವಾದೊಡನೆ ಮನೆಗೆ ಕರೆತರಬಾರದು.

ಮದ್ಯದ ಮಾತು ಬೇರೆ. ವರ್ಷಗಟ್ಟಲೆ ವಿಪರೀತ ಕುಡಿದವರಿಂದ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಫಿಟ್ಸ್, ಚಿತ್ತಭ್ರಮೆ ಉಂಟಾಗಿ ಸಾವೂ ಸಂಭವಿಸಬಹುದು. ಬಿಡಿಸುವುದು ವೈದ್ಯರ ನಿಗಾದಲ್ಲೇ ಆಗಬೇಕು.

ಪೊಲೀಸರ ಭಯದಿಂದ ಅನೇಕ ಕುಟುಂಬಗಳು ಆಸ್ಪತ್ರೆಗೆ ಹೋಗುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನನ್ವಯ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದಲ್ಲಿ ಅದನ್ನು ಹಿಂಪಡೆಯಬಹುದು. ಮಾರಾಟಗಾರರಿಗೆ ಇದು ಅನ್ವಯಿಸದು.

ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮನಸ್ 14416, ಇವೆರಡನ್ನೂ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ತಮ್ಮ ತಾಲ್ಲೂಕಿನ ವ್ಯವಸ್ಥೆಯನ್ನು ಆಶಾ ಕಾರ್ಯಕರ್ತೆಯರಿಂದ ಖಚಿತಪಡಿಸಿಕೊಳ್ಳಿ. ಮರಳಿ ಬಂದವರಿಗೆ ಕೂಲಿ ಕೆಲಸ ದೊರೆಯುವಂತೆ ಮೊದಲ ವಾರದಲ್ಲೇ ನೋಡಿಕೊಳ್ಳಿ. ಸಾಧ್ಯವಾದರೆ ಕೂಲಿಹಣ ಮನೆಯವರ ಕೈಸೇರಲು ಅವರನ್ನೇ ಒಪ್ಪಿಸಿ. ಗ್ರಾಮಸಭೆಯಲ್ಲಿ ಯಾರ ಹೆಸರನ್ನೂ ಎತ್ತಬೇಡಿ. ಒಮ್ಮೆ ಹೆಸರು ಬಯಲಾದರೆ ಆ ಮನೆಯವರು ಮುಂದಿನ ಬಾರಿ 108ಕ್ಕೂ ಕರೆ ಮಾಡುವುದಿಲ್ಲ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ಆರೋಗ್ಯಾಧಿಕಾರಿಯವರನ್ನು ಆಹ್ವಾನಿಸಬೇಕೆಂದು ಕೋರುತ್ತೇನೆ.