ಚಪ್ಪರದ ಹೊರಗಿನ ಶ್ರೋತೃಗಳು

(ಜೋಗೇಶ್ವರಿಯಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಬೇಸಿಗೆಯ ರಜೆ ಮತ್ತು ನಮ್ಮ ಮಕ್ಕಳು’ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಶಿಕ್ಷಣತಜ್ಞನಲ್ಲ, ಸಂಗೀತ ವಿದ್ವಾಂಸನಂತೂ ಅಲ್ಲವೇ ಅಲ್ಲ. ಬ್ಯಾಂಕಿನ ಲೆಕ್ಕದ ಮೇಜಿನ ಹಿಂದೆ ಮೂವತ್ತಾರು ವರ್ಷ ಕುಳಿತು ನಿವೃತ್ತನಾದವನು. ಇಬ್ಬರು ಮಕ್ಕಳ ತಂದೆ, ಒಬ್ಬ ಮೊಮ್ಮಗಳ ಅಜ್ಜ. ಮಕ್ಕಳನ್ನು ಬೇಸಿಗೆಯ ಸಂಗೀತೋತ್ಸವಕ್ಕೆ ಕರೆದೊಯ್ಯುವ ವಿಚಾರದಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನ ಕಥೆಯನ್ನೇ ನಿಮ್ಮ ಮುಂದಿಡುವುದು ಪ್ರಾಮಾಣಿಕವೆಂದು ಭಾವಿಸಿದ್ದೇನೆ.

ಬೆಂಗಳೂರಿನ ರಾಮನವಮಿ ಸಂಗೀತೋತ್ಸವದ ಹೆಸರನ್ನು ನಿಮ್ಮಲ್ಲಿ ಬಹುಮಂದಿ ಕೇಳಿದ್ದೀರಿ. ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶ್ರೀ ರಾಮಸೇವಾ ಮಂಡಲಿಯನ್ನು ಆರಂಭಿಸಿದರು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕಿ, ಸುಮಾರು ಒಂದು ತಿಂಗಳ ಕಾಲ ಪ್ರತಿ ಸಂಜೆ ಕಚೇರಿ ನಡೆಸುವ ಪದ್ಧತಿ ಅಲ್ಲಿ ಬೆಳೆದು ನಿಂತಿತು. ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿಯವರಂಥ ಮಹಾನುಭಾವರು ಅಲ್ಲಿ ಹಾಡಿದ್ದಾರೆ. ಆದರೆ ನನ್ನ ಇಂದಿನ ಮಾತಿಗೆ ವೇದಿಕೆಯ ಮೇಲಿನವರಿಗಿಂತ ಹೊರಗಿನವರು ಮುಖ್ಯ. ಚಪ್ಪರದೊಳಗೆ ಟಿಕೆಟಿನವರು ಕುರ್ಚಿಯ ಮೇಲಿರುತ್ತಾರೆ. ಹೊರಗೆ ಮೈದಾನದಲ್ಲಿ, ರಸ್ತೆಯ ಬದಿಯಲ್ಲಿ, ಕಾಸು ಕೊಡದೆ ಕೇಳುವವರದೇ ಮತ್ತೊಂದು ಸಭೆ ಕೂಡಿರುತ್ತದೆ. ಜಮಖಾನೆ ಹಾಸಿದವರು, ಸೈಕಲ್ಲಿಗೆ ಒರಗಿ ನಿಂತವರು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡ ತಾಯಂದಿರು. ಈ ಎರಡನೆಯ ಸಭೆಗೆ ಆಹ್ವಾನಪತ್ರಿಕೆ ಬೇಕಿಲ್ಲ, ಜಾತಿಯ ಪ್ರಶ್ನೆಯಿಲ್ಲ, ಮಧ್ಯದಲ್ಲಿ ಎದ್ದುಹೋದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ.

ಆಗ ನಾವು ಇದೇ ಜೋಗೇಶ್ವರಿಯ ಪೂರ್ವಭಾಗದಲ್ಲಿ, ಗುಹಾದೇಗುಲಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಒಂದೂವರೆ ಕೋಣೆಯ ಮನೆಯಲ್ಲಿದ್ದೆವು. ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಆರು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಹಿಂದಿ, ನೆರೆಮನೆಯ ಆಜಿಯ ಬಳಿ ಮರಾಠಿ. ಕನ್ನಡ ನಮ್ಮ ಮನೆಯಲ್ಲಿ ದೊಡ್ಡವರು ಜಗಳವಾಡುವ ಭಾಷೆಯಾಗಿ ಮಾತ್ರ ಉಳಿದಿತ್ತು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ, ದುಡಿಯುವ ಹುಡುಗರ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಪೀಳಿಗೆಯ ಮಕ್ಕಳೇ ಕನ್ನಡ ಅಕ್ಷರ ಗುರುತಿಸದೆ ಬೆಳೆಯುತ್ತಿದ್ದರು. ಇದಕ್ಕೆ ಸಂಗೀತವೇ ಔಷಧವೆಂದು ನಾನು ತೀರ್ಮಾನಿಸಿದೆ. ರೋಗಿಯನ್ನು ಕೇಳಿ ಔಷಧ ಕೊಡುವ ವೈದ್ಯನುಂಟೆ?

1994ರಲ್ಲಿ ರಾಮನವಮಿ ಏಪ್ರಿಲ್ ತಿಂಗಳ ಮೂರನೆಯ ವಾರದಲ್ಲಿ ಬಂದಿತ್ತು. ಮೇ ತಿಂಗಳ ಆರಂಭದಲ್ಲಿ ಇಲ್ಲಿಯ ಶಾಲೆಗಳಿಗೆ ರಜೆ ದೊರೆತಾಗಲೂ ಬೆಂಗಳೂರಿನಲ್ಲಿ ಉತ್ಸವ ನಡೆಯುತ್ತಲೇ ಇತ್ತು. ವೇಗದ ಲೋಕಲ್ ಗಾಡಿಗಳು ನಮ್ಮ ಜೋಗೇಶ್ವರಿಯಲ್ಲಿ ನಿಲ್ಲುವುದಿಲ್ಲವಷ್ಟೆ. ಟ್ರಂಕು, ಹಾಸಿಗೆಸುತ್ತು, ನೀರಿನ ಕೂಜಗಳೊಂದಿಗೆ ನಿಧಾನದ ಗಾಡಿ ಹತ್ತಿ ದಾದರ್ ಸೇರಿ, ಅಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದೆವು. ಸೊಲ್ಲಾಪುರ, ವಾಡಿ, ರಾಯಚೂರು, ಗುಂತಕಲ್ಲುಗಳ ಸೆಕೆಯಲ್ಲಿ ಬೆಂದು ಮರುದಿನ ಬೆಳಗ್ಗೆ ಬೆಂಗಳೂರು ಮುಟ್ಟಿದಾಗ ನನ್ನಲ್ಲಿ ದಂಡಯಾತ್ರೆಗೆ ಹೊರಟವನ ಹುಮ್ಮಸ್ಸಿತ್ತು. ಚಾಮರಾಜಪೇಟೆಯಲ್ಲಿ ನನ್ನ ಷಡ್ಡಕರ ಮನೆ. ನಡೆದರೆ ಮೈದಾನ ಹತ್ತು ನಿಮಿಷ.

ನನ್ನ ಕಟ್ಟಳೆ ಹೀಗಿತ್ತು: ಮಗ ದೊಡ್ಡವನು, ನನ್ನೊಡನೆ ಚಪ್ಪರದೊಳಗೆ, ವರ್ಣದಿಂದ ಮಂಗಳದವರೆಗೆ ಅಲುಗದೆ ಕುಳಿತು ಕೇಳಬೇಕು. ಮಗಳು ಚಿಕ್ಕವಳು, ಗಲಾಟೆ ಮಾಡಿಯಾಳು. ತಾಯಿಯೊಡನೆ ಹೊರಗೆ ಜಮಖಾನೆಯ ಮೇಲಿರಲಿ. ಒಂದು ಕಚೇರಿ ಎಂದರೆ ಮೂರು ಗಂಟೆ. ಸೆಕೆ, ಸೊಳ್ಳೆ, ಅರ್ಥವಾಗದ ಆಲಾಪನೆ. ಮೂರು ಸಂಜೆ ಹುಡುಗ ಸಹಿಸಿದ. ನಾಲ್ಕನೆಯ ಸಂಜೆ, ರಾಗ ವಿಸ್ತಾರಗೊಳ್ಳುತ್ತಿದ್ದ ತುಂಬು ನಿಶ್ಶಬ್ದದಲ್ಲಿ, “ಪಪ್ಪಾ, ಯೇ ಕಬ್ ಖತಮ್ ಹೋಗಾ?” ಎಂದು ಗಟ್ಟಿಯಾಗಿ ಕೇಳಿಬಿಟ್ಟ. ಸುತ್ತಲಿನವರು ತಿರುಗಿ ನೋಡಿದರು. ನನಗೆ ನಾಚಿಕೆಯಾದದ್ದು ಅವನು ಕೇಳಿದ್ದಕ್ಕಲ್ಲ, ಹಿಂದಿಯಲ್ಲಿ ಕೇಳಿದ್ದಕ್ಕೆ. ಅವನ ತೊಡೆಯನ್ನು ಬಲವಾಗಿ ಚಿವುಟಿದೆ. ಅವನು ಅಳಲಿಲ್ಲ. ಮಂಗಳದವರೆಗೆ ತಲೆ ತಗ್ಗಿಸಿ ಕುಳಿತ. ಆ ಮೇಲೆ ಅವನು ಯಾವ ಕಚೇರಿಗೂ ಬರಲಿಲ್ಲ. ಒಂದು ವರ್ಷ ಹೊಟ್ಟೆನೋವು, ಒಂದು ವರ್ಷ ಕ್ರಿಕೆಟ್ಟು, ಮುಂದೆ ಹತ್ತನೆಯ ತರಗತಿ. ಕನ್ನಡವನ್ನೂ ಅವನು ಆ ಕುರ್ಚಿಯ ಮೇಲೆಯೇ ಬಿಟ್ಟು ಬಂದನೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಹೊರಗೆ ಜಮಖಾನೆಯ ಮೇಲೆ ನಡೆದದ್ದೇ ಬೇರೆ. ಮಗಳು ಸರೀಕ ಮಕ್ಕಳೊಡನೆ ಮಣ್ಣಿನಲ್ಲಿ ಆಡಿದಳು, ಪಾನಕ ಕುಡಿದಳು, ಕೋಸಂಬರಿ ತಿಂದಳು, ನಿದ್ದೆ ಬಂದಾಗ ಮಲಗಿದಳು. ಆದರೆ ತನಿಯಾವರ್ತನ ಆರಂಭವಾದೊಡನೆ ಎದ್ದು ಕೂರುತ್ತಿದ್ದಳಂತೆ. ಮೃದಂಗವೂ ಘಟವೂ ಒಂದಕ್ಕೊಂದು ಉತ್ತರ ಕೊಡುವುದು ಮಗುವಿಗೆ ಜಗಳದಂತೆ ಕೇಳಿಸಿ ನಗು ಬರುತ್ತಿತ್ತು. ನನ್ನ ಮನೆಯಾಕೆ ಅವಳ ಅಂಗೈ ಹಿಡಿದು ಆದಿತಾಳ ಹಾಕಿಸಿದಳು: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ತಿರುವು, ಪೆಟ್ಟು, ತಿರುವು. ಎಂಟು ಎಣಿಕೆ. ಲೆಕ್ಕ ತಪ್ಪಿದಾಗಲೆಲ್ಲ ಇಬ್ಬರೂ ನಗುತ್ತಿದ್ದರು. ಮರಳಿ ಬರುವಾಗ ಗಾಡಿಯಲ್ಲಿ ಆ ಹುಡುಗಿ ಊಟದ ಡಬ್ಬಿಯ ಮೇಲೆ ರಾಯಚೂರು ದಾಟುವವರೆಗೂ ತಾಳ ಕುಟ್ಟಿದಳು.

ಕಚೇರಿಯ ಕೊನೆಯ ಭಾಗದಲ್ಲಿ, ತನಿಯಾದ ಮೇಲೆ, ದೇವರನಾಮಗಳು ಬರುವುದು ವಾಡಿಕೆ. ಅಲ್ಲಿ ಮತ್ತೆ ಮತ್ತೆ ವಿಠಲನ ಹೆಸರು ಅವಳ ಕಿವಿಗೆ ಬಿತ್ತು. ಜೋಗೇಶ್ವರಿಯ ನೆರೆಮನೆಯ ಆಜಿ ಪ್ರತಿ ಬೆಳಗ್ಗೆ ಅಭಂಗ ಹಾಡುತ್ತಿದ್ದುದರಿಂದ ಆ ಹೆಸರು ಅವಳಿಗೆ ಪರಿಚಿತ. “ಅಮ್ಮಾ, ಆಜಿಯ ವಿಠ್ಠಲನೂ ಈ ವಿಠಲನೂ ಒಬ್ಬನೇನಾ?” ಎಂದು ಕೇಳಿದಳಂತೆ. ಒಬ್ಬನೇ ಮಗು, ಅವನಿಗೆ ಎರಡು ಭಾಷೆ ಬರುತ್ತದೆ ಎಂದಳು ನನ್ನಾಕೆ. ಪಂಡರಪುರದ ದೇವರನ್ನು ಅಂಕಿತವಾಗಿಸಿಕೊಂಡ ಪುರಂದರದಾಸರನ್ನೂ, ಅದೇ ದೇವರನ್ನು ಮರಾಠಿಯಲ್ಲಿ ಕರೆದ ಸಂತರನ್ನೂ ಜೋಡಿಸುವ ಈ ಸೇತುವೆ ನಮ್ಮ ವಿದ್ವತ್‌ಗೋಷ್ಠಿಗಳಲ್ಲಿ ಬಹಳ ಚರ್ಚಿತವಾದ ವಿಷಯ. ಗದುಗಿನ ಭೀಮಸೇನ ಜೋಶಿಯವರು ಸಂತವಾಣಿಯನ್ನೂ ದಾಸವಾಣಿಯನ್ನೂ ಒಂದೇ ಕಂಠದಲ್ಲಿ ಹಾಡಿ ತೋರಿಸಿದ್ದೂ ಅದನ್ನೇ. ಆರು ವರ್ಷದ ಮಗು ಅದರ ಮೇಲೆ ತಾನೇ ಕಾಲಿಟ್ಟಿತ್ತು. ಆ ಹಾಡುಗಳನ್ನು ಮೊದಲು ದೇವನಾಗರಿಯಲ್ಲಿ ಬರೆಸಿಕೊಂಡವಳು, ‘ಳ’ಕಾರದ ಮಾತುಗಳನ್ನು ಓದುವಾಗ ತಾಯಿ ನಗುತ್ತಾಳೆಂದು ಹಟ ಹಿಡಿದು, ಎರಡೇ ವರ್ಷದಲ್ಲಿ ಕನ್ನಡ ಅಕ್ಷರ ಕಲಿತಳು. ಇಂದು ಅವಳು ಈ ಪತ್ರಿಕೆಯನ್ನು ಓದಬಲ್ಲಳು. ಅವಳ ಅಣ್ಣ ಓದಲಾರ. ಒಂದೇ ಮನೆ, ಒಂದೇ ಉತ್ಸವ. ಚಪ್ಪರದ ಒಳಗೆ ಒಬ್ಬ, ಹೊರಗೆ ಒಬ್ಬಳು.

ಇದು ನನ್ನ ಮನೆಯೊಂದರ ಅನುಭವ, ಇದರಿಂದ ಸಿದ್ಧಾಂತ ಕಟ್ಟಬಾರದು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ನಮ್ಮ ದೊಡ್ಡ ಗಾಯಕರ ಬಾಲ್ಯವನ್ನು ಸ್ವಲ್ಪ ನೋಡಿ. ಭೀಮಸೇನರಿಗೆ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ. ಯಾರೂ ಕೂರಿಸಿ ಕೇಳಿಸಿದ್ದಲ್ಲ. ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಆ ಹುಡುಗ ಗುರುವನ್ನು ಅರಸಿ ಮನೆಬಿಟ್ಟ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಮುದ್ರಿಕೆಗಳನ್ನು ಕೇಳಿ ಕೇಳಿಯೇ ಹಾಡುತ್ತಿದ್ದ. 1930ರ ದಶಕದ ನಡುವಿನಲ್ಲಿ ಇದೇ ಮುಂಬಯಿಯ ಜಿನ್ನಾ ಹಾಲಿನಲ್ಲಿ ಹಾಡಿ ಬೆರಗುಗೊಳಿಸಿ, ಇಲ್ಲಿಯೇ ಬಿ. ಆರ್. ದೇವಧರರ ಶಿಷ್ಯನಾಗಿ, ಕುಮಾರ ಗಂಧರ್ವನಾಗಿ ಬೆಳೆದ. ಗಂಗೂಬಾಯಿ ಹಾನಗಲ್ಲರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಹನ್ನೊಂದರ ಬಾಲೆ. ಕೀಳೆಂದು ಸಮಾಜ ದೂರವಿಟ್ಟ ಗಾಯಕಿಯರ ಮನೆತನದಿಂದ ಬಂದು, ಆ ಅವಮಾನವನ್ನೆಲ್ಲ ನುಂಗಿ ಎತ್ತರಕ್ಕೇರಿದವರು ಅವರು. ಶಾಸ್ತ್ರೀಯ ಸಂಗೀತ ಯಾರೋ ಕೆಲವರ ಮನೆಯ ಸ್ವತ್ತು, ನಮ್ಮಂಥವರಿಗಲ್ಲ ಎಂದು ಹಿಂಜರಿಯುವ ಬಂಧುಗಳು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರು ಗಂಗೂಬಾಯಿಯವರನ್ನು ನೆನೆಯಬೇಕು. ರಸ್ತೆಯ ಬದಿಯಲ್ಲಿ ಕುಳಿತು ಕೇಳುವ ಆ ಹಕ್ಕನ್ನು ನೆನೆಯಬೇಕು.

ಈಗ ವ್ಯವಹಾರದ ಮಾತಿಗೆ ಬರುತ್ತೇನೆ. ಮಕ್ಕಳನ್ನು ಕರೆದೊಯ್ಯಬೇಕೆನ್ನುವವರು ಮೊದಲು ಪಂಚಾಂಗ ನೋಡಬೇಕು. ಚಾಂದ್ರಮಾನ ವರ್ಷ ಹನ್ನೊಂದು ದಿನ ಗಿಡ್ಡ. ಆದ್ದರಿಂದ ಹಬ್ಬ ಹಿಂದೆ ಸರಿಯುತ್ತ ಹೋಗಿ, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2018ರಲ್ಲಿ ರಾಮನವಮಿ ಮಾರ್ಚ್ 25ಕ್ಕೇ ಬಂತು. ನಮ್ಮ ಮಕ್ಕಳ ಪರೀಕ್ಷೆ ಮುಗಿಯುವಷ್ಟರಲ್ಲಿ ಉತ್ಸವವೂ ಮುಗಿಯುತ್ತ ಬಂದಿರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಕಳೆದದ್ದರಿಂದ 2024ರಲ್ಲಿ ಅದು ಏಪ್ರಿಲ್ 17ಕ್ಕೆ ಹೋಯಿತು. ಅಧಿಕಮಾಸ ಕಳೆದ ಮರುವರ್ಷ ಮುಂಬಯಿಯವರಿಗೆ ಅನುಕೂಲದ ವರ್ಷವೆಂದು ಬರೆದಿಟ್ಟುಕೊಳ್ಳಿ.

ಎರಡನೆಯದು, ಇಡೀ ಕಚೇರಿ ಮಕ್ಕಳಿಗೆ ಬೇಡ. ತಡವಾಗಿ ಹೋಗಿ, ತನಿಯಾವರ್ತನಕ್ಕೂ ದೇವರನಾಮಕ್ಕೂ ಸಿಕ್ಕಿದರೆ ಸಾಕು. ಒಂದು ಗಂಟೆಯ ಮಾತು. ಹೊರಡುವ ಮೊದಲು ಮನೆಯಲ್ಲಿ ಎರಡು ದೇವರನಾಮಗಳು ಕಿವಿಗೆ ಬಿದ್ದಿರಲಿ. ಗೊತ್ತಿರುವ ಹಾಡು ಸಾವಿರ ಜನರ ನಡುವೆ ಕೇಳಿಬಂದಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು, ಅವರು ಮಾಟುಂಗಾದ ತಮಿಳರಿರಲಿ, ಆಂಧ್ರ ಕೇರಳದವರಿರಲಿ, ಪುರಂದರದಾಸರು ಹಾಕಿಕೊಟ್ಟರೆನ್ನುವ ಮಾಯಾಮಾಳವಗೌಳದ ಸರಳೆಗಳಿಂದಲೇ ಆರಂಭಿಸುತ್ತಾರೆಂಬುದನ್ನು ಮಕ್ಕಳಿಗೆ ಹೇಳಿ. ತಮ್ಮ ಭಾಷೆಯ ಬಗ್ಗೆ ಅವರಿಗೆ ಆಗ ಮೂಡುವ ಹೆಮ್ಮೆಯನ್ನು ರಾಜ್ಯೋತ್ಸವದ ಭಾಷಣಗಳು ಮೂಡಿಸಲಾರವು.

ಮೂರನೆಯದು, ಮನೆಗೆ ಬಂದ ಮೇಲೆ ಪರೀಕ್ಷೆ ಮಾಡಬೇಡಿ. “ಯಾವ ರಾಗ ಹೇಳು ನೋಡೋಣ” ಎಂದು ನೆಂಟರೆದುರು ಕೇಳಿದರೆ ಮರುದಿನ ಮಗುವಿಗೆ ಜ್ವರ ಬರುತ್ತದೆ.

ಕರಾವಳಿಯ ಬಂಧುಗಳು ಇಲ್ಲಿ ಬಹುಸಂಖ್ಯೆಯಲ್ಲಿದ್ದೀರಿ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಆರಂಭವಾದ ಮೇಲೆ ನಿಮ್ಮ ಊರು ಹತ್ತಿರವಾಗಿದೆ. ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ ಇರುತ್ತದೆ. ಬಯಲಲ್ಲಿ ಚಾಪೆ ಹಾಸಿ, ನಡುರಾತ್ರಿ ನಿದ್ದೆಹೋಗಿ, ಚೆಂಡೆಯ ಸದ್ದಿಗೆ ಬೆಚ್ಚಿ ಎದ್ದು ಬಣ್ಣದ ವೇಷ ಕಂಡ ಮಗು ಆ ಕನ್ನಡವನ್ನು ಮರೆಯುವುದಿಲ್ಲ. ನಾನು ಚಾಮರಾಜಪೇಟೆಯಲ್ಲಿ ತಡವಾಗಿ ಕಲಿತ ಪಾಠವನ್ನು ನಿಮ್ಮ ಹಿರಿಯರು ಬಯಲಾಟದ ಗದ್ದೆಯಲ್ಲಿ ಎಂದೋ ಅರಿತಿದ್ದರು. ಊರಿಗೆ ಹೋಗಲು ಸಾಧ್ಯವಾಗದವರಿಗೆ ಮಾಹೀಮಿನ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್ ಇವೆ. ಆದರೆ ಈ ಸಭಾಗೃಹಗಳಿಗೆ ‘ಹೊರಗೆ’ ಎಂಬುದಿಲ್ಲ ಎಂಬುದೇ ನಗರದ ಕೊರತೆ. ಆದ್ದರಿಂದ ನಮ್ಮ ಸಂಘಕ್ಕೆ ನನ್ನದೊಂದು ಸೂಚನೆ: ಮುಂದಿನ ಬೇಸಿಗೆಯಲ್ಲಿ ಕಾರ್ಯಕ್ರಮ ಇಟ್ಟಾಗ ಕುರ್ಚಿಗಳ ಹಿಂದೆ ಒಂದಷ್ಟು ಜಾಗ ಬಿಟ್ಟು ಜಮಖಾನೆ ಹಾಸೋಣ. ಮಕ್ಕಳು ಅಲ್ಲಿ ಆಡಲಿ, ತಿನ್ನಲಿ, ಮಲಗಲಿ. ‘ಶಾಂತತೆ ಕಾಪಾಡಿ’ ಎಂಬ ಫಲಕ ಅಲ್ಲಿಗೆ ಅನ್ವಯಿಸದಿರಲಿ.

ಕೊನೆಯ ಮಾತು. 2024ರ ಮೇ ತಿಂಗಳಲ್ಲಿ ಮೊಮ್ಮಗಳನ್ನು ಬೆಂಗಳೂರಿಗೆ ಕರೆದೊಯ್ಯುವ ಮನಸ್ಸಾಯಿತು. ಅವಳು ಮಗನ ಮಗಳು. ಅವನೊಡನೆ ಈ ವಿಷಯವೆತ್ತಲು ನನಗೆ ಮೂವತ್ತು ವರ್ಷಗಳ ಸಂಕೋಚ. ಊಟದ ಹೊತ್ತಿನಲ್ಲಿ ಹೇಗೋ ಕೇಳಿದೆ. ಅವನು ತಟ್ಟೆಯಿಂದ ತಲೆಯೆತ್ತದೆ, ತನಗೆ ಬರುವಷ್ಟು ಕನ್ನಡದಲ್ಲಿ, “ಕರ್ಕೊಂಡು ಹೋಗಿ ಅಪ್ಪಾ. ಆದ್ರೆ ಹೊರಗೆ ಕೂರ್ಸಿ” ಎಂದ. ಅಂದರೆ ಅವನಿಗೂ ಎಲ್ಲವೂ ನೆನಪಿತ್ತು. ನಾನು ಆಗಲಿ ಎಂದೆ; ಮತ್ತೇನು ಹೇಳಲಿ? 1994ರ ಆ ಸಂಜೆಗೆ ಕ್ಷಮೆ ಕೇಳಬೇಕೆಂದುಕೊಂಡರೂ ಮಾತು ಹೊರಡಲಿಲ್ಲ. ಇಂದು ನಿಮ್ಮೆಲ್ಲರ ಎದುರು ಕೇಳುತ್ತಿದ್ದೇನೆ.

ಹೊರಗೇ ಕೂರಿಸಿದೆ. ಕೊನೆಯ ದಿನ ನಮ್ಮನ್ನು ಕರೆದೊಯ್ಯಲು ಅವನೂ ಬಂದಿದ್ದ. ಒಳಗೆ ದೇವರನಾಮ ನಡೆದಿತ್ತು. ಕೂರು ಎಂದು ನಾನು ಹೇಳಲಿಲ್ಲ. ಅರ್ಧ ಗಂಟೆ ಅವನು ಮೈದಾನದ ಅಂಚಿನಲ್ಲಿ ನಿಂತೇ ಇದ್ದ. ಮಗಳು ಅವನ ಕೈಹಿಡಿದು ಏನೋ ಎಣಿಸುತ್ತಿದ್ದಳು.