ಹಂಪಿಯಿಂದ ಆಚೆಗಿನ ಐದು ತಾಲ್ಲೂಕು

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ಪ್ರವಾಸಿಗರ ಪಾದ ತಾಕುವುದು ಹೆಚ್ಚಾಗಿ ಹಂಪಿಯಿರುವ ಹೊಸಪೇಟೆ ಒಂದಕ್ಕೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಉಳಿದ ಐದನ್ನು ಹೊಸಪೇಟೆಯಲ್ಲಿ ಕೋಣೆ ಹಿಡಿದು ನೋಡಹೊರಟರೆ ದಿನದ ಹೆಚ್ಚು ಪಾಲು ರಸ್ತೆಯಲ್ಲೇ ಕಳೆಯುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರವೇ ಹೊಸಪೇಟೆಯಿಂದ ಸುಮಾರು ನೂರು ಕಿಲೋಮೀಟರ್ ದೂರ. ಹಾಗಾಗಿ ಏನು ನೋಡಬೇಕೆಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಹತ್ತಿರದ ಊರಿನಲ್ಲೇ ರಾತ್ರಿ ತಂಗುವುದು ಒಳ್ಳೆಯದು. ಈ ಊರುಗಳ ಲಾಡ್ಜುಗಳು ಸಾದಾ. ಖಾನಾವಳಿಯ ರೊಟ್ಟಿ ಊಟಕ್ಕೆ, ಬೆಳಗಿನ ಮಂಡಕ್ಕಿ ಒಗ್ಗರಣೆ ಮಿರ್ಚಿಗೆ ಮಾತ್ರ ಕೊರತೆಯಿಲ್ಲ.

ಐದು ತಾಲ್ಲೂಕುಗಳ ನಡುವೆ ಇರುವ ಊರು ಕೊಟ್ಟೂರು. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಗುರು ಬಸವೇಶ್ವರ ಸ್ವಾಮಿಯ, ಅಂದರೆ ಜನ ಕರೆಯುವ ಕೊಟ್ಟೂರೇಶ್ವರನ, ಹಿರೇಮಠ ಇಲ್ಲಿದೆ. ಮಾಘ ಮಾಸದ ರಥೋತ್ಸವಕ್ಕೆ ದಾವಣಗೆರೆ ಕಡೆಯಿಂದ ಸಾವಿರಾರು ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ತೇರು ನೋಡಲೇಬೇಕೆನ್ನುವವರು ಮಠದಲ್ಲೋ ಛತ್ರದಲ್ಲೋ ಚಾಪೆ ಹಾಸಲು ಸಿದ್ಧರಾಗಿ ಬರಬೇಕು.

ಕೊಟ್ಟೂರಿನಲ್ಲಿ ತಂಗಿದವರು ಉಜ್ಜಿನಿಯನ್ನು ಬಿಡಬಾರದು. ವೀರಶೈವ ಪಂಚಪೀಠಗಳಲ್ಲಿ ಒಂದು ಇಲ್ಲಿದೆ. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಚಾಲ್ತಿಯಲ್ಲಿದೆ. ಮರುಳಸಿದ್ಧೇಶ್ವರ ದೇಗುಲದ ಒಳಗೆ ನಿಂತು ತಲೆಯೆತ್ತಿ ಚಾವಣಿಯ ಕೆತ್ತನೆ ಕಂಡವರಿಗೆ ಆ ಮಾತಿನ ಅರ್ಥ ಹೊಳೆಯುತ್ತದೆ. ಜಾತ್ರೆಯಲ್ಲಿ ಇದರ ಶಿಖರಕ್ಕೆ ಎಣ್ಣೆ ಎರೆಯುವ ಸಂಪ್ರದಾಯವಿದ್ದು, ಆ ಎಣ್ಣೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರುತ್ತದೆ. ಅಂಬಳಿಯ ಕಲ್ಲೇಶ್ವರ ಗುಡಿಯೂ ಇದೇ ತಾಲ್ಲೂಕಿನಲ್ಲಿದೆ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ಇನ್ನೂ ಮೂಡಣಕ್ಕೆ ಹೋದರೆ ಗುಡೇಕೋಟೆಯ ಹೆಬ್ಬಂಡೆಗಳು, ಕೋಟೆ, ಕರಡಿಧಾಮ.

ಚಾಲುಕ್ಯರ ಗುಡಿಗಳಿಗಾಗಿ ಬರುವವರಿಗೆ ಹರಪನಹಳ್ಳಿ ಸರಿಯಾದ ತಂಗುದಾಣ. ಊರಿಗೆ ಹತ್ತಿರವೇ ಇರುವ ಬಾಗಳಿಯ ಕಲ್ಲೇಶ್ವರ ದೇವಾಲಯ ಹತ್ತನೆಯ ಶತಮಾನದ್ದು. ಶಾಸನಗಳಲ್ಲಿ ಈ ಊರಿನ ಹೆಸರು ಬಾಳ್ಗುಳಿ. ಸಭಾಮಂಟಪದಲ್ಲಿ ಐವತ್ತಕ್ಕೂ ಹೆಚ್ಚು ಕಂಬಗಳಿವೆ. ಕಂಬದ ಬಳೆಗಳ ಮೇಲೆ ಬೆರಳಾಡಿಸಿದರೆ ಚೂಪಾದ ಅಂಚು ಈಗಲೂ ತಾಕುತ್ತದೆ. ಇಲ್ಲಿ ದೊರೆತ ಶಾಸನಗಳೇ ಮೂವತ್ತಕ್ಕೂ ಹೆಚ್ಚು. ಇಷ್ಟಿದ್ದೂ ಹಂಪಿಯ ದಾರಿಯಲ್ಲಿ ಬಾಗಳಿಯ ಹೆಸರು ಕೇಳಿಬರದಿರುವುದು ದುಃಖದ ಸಂಗತಿ. ಅದೇ ದಿನ ನೀಲಗುಂದದ ಭೀಮೇಶ್ವರ ಗುಡಿ ನೋಡಬಹುದು. ಉಚ್ಚಂಗಿದುರ್ಗಕ್ಕೆ ಬೇರೊಂದು ಬೆಳಗು ಬೇಕು. ನೊಳಂಬರೂ ಪಾಂಡ್ಯರೂ ಆಳಿದ ಆ ಬೆಟ್ಟದ ಮೆಟ್ಟಿಲುಗಳನ್ನು ಬಿಸಿಲೇರುವ ಮೊದಲೇ ಹತ್ತಿಬಿಡಬೇಕು.

ಹೊಳೆಸಾಲಿನ ಊರುಗಳಿಗೆ ಹೂವಿನಹಡಗಲಿಯಲ್ಲಿ ಎರಡು ರಾತ್ರಿಯಾದರೂ ಉಳಿಯುವುದು ಲೇಸು. ವಿಜಯನಗರದ ಅರಸರಿಗೆ ಇಲ್ಲಿಂದ ಹೂವು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹೋಗುತ್ತಿತ್ತು, ಅದರಿಂದಲೇ ಈ ಹೆಸರು ಬಂತು ಎಂಬುದು ಪ್ರತೀತಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಇಂದಿಗೂ ಇಲ್ಲಿನ ಬೆಳೆ. ಮೊಗ್ಗು ಬಿರಿಯುವ ಮೊದಲೇ ಬಿಡಿಸಿ ಮಾರುಕಟ್ಟೆಗೆ ಸಾಗಿಸುತ್ತಾರೆ. ಹಿರೇಹಡಗಲಿಯಲ್ಲಿ ಚಾಲುಕ್ಯ ಶೈಲಿಯ ಕಲ್ಲೇಶ್ವರ ಗುಡಿಯಿದೆ. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟ ಸಿಕ್ಕಿದ್ದೂ ಇಲ್ಲೇ. ಮಾಗಳ, ಕುರುವತ್ತಿ ಎರಡೂ ನದೀತೀರದ ಊರುಗಳು. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರ ಮುಂದೆ ಅರ್ಧ ದಿನ ಕೂತರೂ ಸಾಲದು. ವಾಸಿಯಾಗದ ಜ್ವರದಿಂದ ನರಳಿದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ 1068ರಲ್ಲಿ ಜಲಸಮಾಧಿಯಾದದ್ದು ಇಲ್ಲಿನ ತುಂಗಭದ್ರೆಯಲ್ಲಿ. ಗುಡಿ ನೋಡಿ ಹೊಳೆಗಿಳಿದಾಗ ಆ ಚಕ್ರವರ್ತಿಯ ನೆನಪು ಬಾರದಿರದು.

ಕುರುವತ್ತಿಗೆ ಸಮೀಪದಲ್ಲೇ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಬಯಲು ಜನರಿಂದ ತುಂಬಿಹೋಗುತ್ತದೆ. ಉಪವಾಸವಿದ್ದು ಕಾರಣಿಕ ಎಂಬ ಭವಿಷ್ಯವಾಣಿ ನುಡಿಯುವ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ಒಂದೇ ಒಂದು ಮಾತು ನುಡಿದು ಮೇಲಿಂದ ಬೀಳುತ್ತಾನೆ, ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಆ ನುಡಿಯಲ್ಲಿ ರೈತರು ಮಳೆ ಬೆಳೆಯ ಭವಿಷ್ಯ ಹುಡುಕುತ್ತಾ ಮನೆಗೆ ಮರಳುತ್ತಾರೆ. ಆ ಮೌನ ಅನುಭವಿಸಬೇಕೆನ್ನುವವರು ಜಾತ್ರೆಗೇ ಬರಬೇಕು. ಕೆತ್ತನೆ ನೋಡುವವರು ಆ ವಾರ ಬಿಟ್ಟು ಬರುವುದು ಮೇಲು.

ಹಗರಿಬೊಮ್ಮನಹಳ್ಳಿಯಲ್ಲಿ ತಂಗಲು ಇರುವ ದೊಡ್ಡ ಕಾರಣ ಅಂಕಸಮುದ್ರ. ಹೊಲಕ್ಕೆ ನೀರುಣಿಸಲೆಂದು ಕಟ್ಟಿದ ಹಳ್ಳಿಯ ಕೆರೆ ಇದು. ಸುಮಾರು 98 ಹೆಕ್ಟೇರ್ ವಿಸ್ತಾರದ ಈ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಕರಿತಲೆಯ ಕೆಂಬರಲುಗಳು ಜೊತೆಗೂಡುತ್ತವೆ. ಚಳಿಗಾಲದ ನಸುಕಿನಲ್ಲಿ ಏರಿಯ ಮೇಲೆ ಬಂದು ನಿಂತರೆ, ಮೊದಲು ಕೊಕ್ಕುಗಳ ಕಟಕಟ ಸದ್ದು ಕೇಳಿಸುತ್ತದೆ. ಬೆಳಕು ಹರಿದ ಮೇಲೆ ಮರಗಳ ನೆತ್ತಿ ಬೆಳ್ಳಗೆ ಕಾಣತೊಡಗುತ್ತದೆ.